ಅಳಿಸಬಾರದ ಗೆರೆ

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿಬಿಡಿ. ಯಾಕೆಂದರೆ ಕೊನೆಯಲ್ಲಿ ನಿಮ್ಮನ್ನೇ ಒಂದು ಮಾತು ಕೇಳುವುದಿದೆ.

ಮೂರು ತಿಂಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ನಾನು ಮತ್ತು ಅಬೇದಕ್ಕ ತಿಕೋಟಾದಲ್ಲಿ ಬಸ್ಸಿಳಿದು ಗೆಳತಿ ವಿಶಾಖಾಳ ಮನೆ ಸೇರಿದಾಗ ಅವಳು ಹೊಸ್ತಿಲಲ್ಲೇ ಕೂತಿದ್ದಳು. ತೊಡೆಯ ಮೇಲೆ ಕೆಂಪು ಚೌಕಟ್ಟಿನ ಆಟಿಕೆ. ಗಾಜು ಪೂರ್ತಿ ಬೂದು. ಒಂದೇ ಒಂದು ಗೆರೆ ಇಲ್ಲ.

"ಅಣ್ಣ ಹೋದ, ಪೂನಮ," ಅಂದಳು. "ಯಾರೋ ಅಳಿಸ್ಯಾರ."

ಆ ಆಟಿಕೆ ನೋಡಿರಬೇಕು ನೀವು. ಎಡಗುಂಡಿ ತಿರುವಿದರೆ ಗೆರೆ ಅಡ್ಡ ಹೋಗುತ್ತದೆ, ಬಲಗುಂಡಿ ತಿರುವಿದರೆ ಮೇಲೆ ಕೆಳಗೆ. ನಡುವೆ ಗೆರೆ ತುಂಡರಿಸುವ ಹಾಗಿಲ್ಲ. ಬೋರಲು ಹಾಕಿ ಜಾಡಿಸಿದರೆ ಒಳಗಿನ ಬೆಳ್ಳಿಬಣ್ಣದ ಪುಡಿ ಗಾಜಿಗೆ ಹತ್ತಿ ಎಲ್ಲ ಮಾಯ. ಚಿತ್ರ ಉಳಿಯಬೇಕೆಂದರೆ ಹಿಂದೆ ತೂತು ಕೊರೆದು ಪುಡಿ ಸುರಿದುಬಿಡಬೇಕು. ಆಮೇಲೆ ಎಷ್ಟು ಜಾಡಿಸಿದರೂ ಅಳಿಯುವುದಿಲ್ಲ. ಅದನ್ನು ಹೇಳಿಕೊಟ್ಟವಳು ನಾನೇ. ಅದಕ್ಕೇ ವಿಜಯಪುರದಲ್ಲಿ ಮಿಕ್ಸರ್ ರಿಪೇರಿ ಅಂಗಡಿ ಇಟ್ಟಿರುವ ಅಬೇದಕ್ಕನನ್ನು ಡ್ರಿಲ್ ಸಮೇತ ಕರೆತಂದಿದ್ದೆ.

ಅಳಿಸಿಹೋದದ್ದು ವಿಶಾಖಾಳ ಅಣ್ಣ ಸಮ್ಯಕ್‌ನ ಮುಖ. ನಾಲ್ಕು ವರ್ಷದ ಹಿಂದೆ ಒಣದ್ರಾಕ್ಷಿ ಲಾರಿ ಹತ್ತಿ ತಾಸಗಾಂವಿಗೆ ಹೋದವನು ತಿರುಗಿ ಬಂದಿಲ್ಲ. ಆಟಿಕೆಯೂ ಅವನೇ ತಂದುಕೊಟ್ಟದ್ದು. ಅದರ ಮೇಲೆ ಮೂರು ತಿಂಗಳು ಗುಂಡಿ ತಿರುವಿ, ಒಂದೇ ಗೆರೆಯಲ್ಲಿ ಅವನನ್ನು ಕೂರಿಸಿದ್ದಳು.

ಅಬೇದಕ್ಕ ಕೆಟ್ಟ ಮಿಕ್ಸರ್ ತಂದವರನ್ನು ಕೇಳುವ ಹಾಗೆಯೇ ಕೇಳಿದಳು.

"ಕಡೀಕ ಸರಿ ಇದ್ದದ್ದು ಯಾವಾಗ?"

"ಎಂಟಕ್ಕ. ನಳದ ನೀರು ತರೂದ್ರಾಗ ಹಿಂಗಾಗೇತಿ."

"ಮನ್ಯಾಗ ಯಾರಿದ್ರು?"

"ಅವ್ವ, ಕಾಕಾ."

"ಬೆಕ್ಕು ಕೆಡವಿರಬೇಕು—" ಅಂದೆ.

"ಬಿದ್ದಿದ್ರ ಅಲ್ಲೊಂದು ಇಲ್ಲೊಂದು ಗೆರಿ ಉಳೀತಿತ್ತು. ಇದನ್ನ ಬೋರಲ ಹಾಕಿ ಚಂದಾಗಿ ಜಾಡಿಸ್ಯಾರ," ಅಂದಳು ಅಬೇದಕ್ಕ.

ಒಳಗೆ ಗೋಡೆಯಲ್ಲಿ ಹೊಸ ಮೊಳೆ. ಪಕ್ಕದಲ್ಲಿ ಜೋಡಿ ಮಾಲೆ ಹಾಕಿಕೊಂಡ ಬುದ್ಧನ ಫೋಟೋ. ವಿಶಾಖಾಳ ತಾಯಿ ಸಾವಂತ್ರವ್ವ ನಮ್ಮನ್ನು ನೋಡದೆ ಚಹಾ ಸೋಸುತ್ತಿದ್ದಳು. ಕಾಕಾ ಕರೆಪ್ಪ ಮಾತ್ರ ಕೆರಳಿ ಕೂತಿದ್ದ. ನನ್ನ ಅನುಮಾನ ಅವನ ಮೇಲೇ.

"ರಿಪೇರಿ ಮಾಡಾಕ ಬಂದೀರೋ, ಪಂಚನಾಮಿ ಮಾಡಾಕೋ?" ಅಂದ. "ನಾ ಯಾಕ ಅಳಸ್ಲಿ? ಚಿತ್ರ ತೂಗಹಾಕಾಕ ಮೊಳಿ ಹೊಡದಾಂವ ನಾನ. ಗಂಧದ ಮಾಲಿ ತಂದಾಂವ ನಾನ."

"ಮಾಲಿ ಯಾಕ?" ಅಬೇದಕ್ಕ ಕೇಳಿದಳು.

"ನಾಕ ವರ್ಸ ಆತು. ಎಷ್ಟಂತ ದಾರಿ ನೋಡೂದು?"

"ಎಲ್ಲೈತಿ ಅದು?"

"ಆ ಮೊಳಿಗೇ ಹಾಕಿದ್ದೆ."

ಮೊಳೆ ಖಾಲಿ ಇತ್ತು.

"ಮಾಲಿ ಕದಿಯಾಕ ಯಾರು ಬರ್ತಾರ?" ನಾನು ನಕ್ಕೆ.

ಅಬೇದಕ್ಕ ನಗಲಿಲ್ಲ. ಬುದ್ಧನ ಫೋಟೋ ತೋರಿಸಿದಳು. "ಹಳೇ ಮಾಲಿ ಮ್ಯಾಲ ಹೊಸಾದು. ಚಿತ್ರದ ಮ್ಯಾಲ ಸಿಟ್ಟಿದ್ದವ್ರು ಅಳಿಸಿ ಹೋಗ್ತಿದ್ರು, ಮಾಲಿ ಮುಟ್ತಿರಲಿಲ್ಲ. ಇವ್ರಿಗೆ ಆ ಮೊಳಿ ಮ್ಯಾಲ ಮಾಲಿ ನೋಡಾಕ ಆಗಿಲ್ಲ. ಒಗಿಯಾಕೂ ಮನಸ ಬಂದಿಲ್ಲ. ಹೌದಲ್ರಿ, ಸಾವಂತ್ರವ್ವಾರ?"

ಚಹಾ ಸೋಸುವ ಕೈ ನಿಂತಿತು.

"ಅಳಿಸೂಹಂಗ ಇದ್ದಾಗ ದಿನಾ ಕುಂತು ನೋಡ್ತಿದ್ನೆವಾ," ಅಂದಳು. "ಇನ್ನ ಅಳ್ಯಂಗಿಲ್ಲ ಅಂದ್ರಿ. ಮೊಳಿ ಹೊಡದ್ರು. ಮಾಲಿ ತಂದ್ರು. ನಾಳೆ ಅಂವ ಬಾಗ್ಲಾಗ ಬಂದು ನಿಂತ್ರ ಏನ್ ಹೇಳ್ಲಿ? ನಿನಗ ಮಾಲಿ ಹಾಕೇವಿ, ಒಳಗ ಬಾ ಅನ್ಲೇನು?"

ಕರೆಪ್ಪ ಎದ್ದು ಹೊರಗೆ ಹೋದ. ವಿಶಾಖಾ ಗುಂಡಿಗಳ ಮೇಲೆ ಬೆರಳಿಟ್ಟು ಅಣ್ಣನ ಎಡಕಿವಿಯಿಂದ ಮತ್ತೆ ಶುರುಮಾಡಿದಳು.

ನಾವು ಹೊರಟಾಗ ಸಾವಂತ್ರವ್ವ ನನ್ನ ಅಂಗೈಗೆ ಒಂದು ಮುಷ್ಟಿ ಒಣದ್ರಾಕ್ಷಿ ಸುರಿದಳು. "ಚಿತ್ರ ತಗಿಲಿ ಅಕಿ, ಎಷ್ಟ ಬೇಕಾರ ತಗಿಲಿ. ತೂತ ಮಾತ್ರ ಹಾಕಬ್ಯಾಡ್ರೆವಾ," ಅಂದಳು ಮೆಲ್ಲಗೆ.

ಬಸ್ ಸ್ಟ್ಯಾಂಡಿನಲ್ಲಿ ವಿಶಾಖಾ ನನ್ನ ಕೈ ಬಿಡಲಿಲ್ಲ. "ಅವನ ಮಾರಿ ನನಗ ಮರ್ಯಾಕತ್ತೈತಿ, ಪೂನಮ. ಇದೊಂದ ಸಲ ಬರಬಹುದು ಕೈಗೆ. ಮುಗಿದ ಕೂಡ್ಲೇ ಫೋನ್ ಮಾಡ್ತೀನಿ. ಅವ್ವ ಕೆಲಸಕ್ಕ ಹೋದಾಗ ಡ್ರಿಲ್ ತಗೊಂಡು ಬಾ."

ನಿನ್ನೆ ಫೋನ್ ಬಂತು. ಮುಗಿದಿದೆ. ಅಬೇದಕ್ಕ ಡ್ರಿಲ್ ನನ್ನ ಕೈಗಿಟ್ಟಳು. ತಿಕೋಟಾ ಬಸ್ಸು ಎದುರಿಗೇ ನಿಂತಿದೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?