ಅಂಜೂರದ ಬರಲಿನ ಏಳು ಏಟು

"ಬೊಂಬೆ ಯಾಕೆ? ಈ ಸಲ ನನ್ನನ್ನೇ ಅಟ್ಟಿ."

ಆ ದನಿ ಕೇಳಿದ್ದೇ ತಡ, ಮಿರ್ಟೊ ಥಟ್ಟನೆ ತಿರುಗಿದಳು. ಪಾಂಟೆಲಿಸ್! ಒಂದು ವರ್ಷದ ಮೇಲೆ ಅವನ ಮುಖ ನೋಡುತ್ತಿದ್ದಾಳೆ.

ಅಮಾವಾಸ್ಯೆ ಕಳೆದು ಆರನೇ ದಿನ. ನಾಳೆ ಗ್ರೀಕರ ಹಳೆಯ ದೇವರು ಅಪೊಲೊ ಹುಟ್ಟಿದ ಹಬ್ಬ. ಅದಕ್ಕೆ ಮೊದಲು ಊರಿನ ಪಾಪವನ್ನೆಲ್ಲ ಒಬ್ಬರ ತಲೆಗೆ ಕಟ್ಟಿ, ಕೊರಳಿಗೆ ಒಣ ಅಂಜೂರದ ಸರ ಹಾಕಿ, ಅದೇ ಮರದ ಹಸಿ ಕೊಂಬೆಯ ಬರಲಿನಿಂದ ಏಳು ಸಲ ತಟ್ಟಿ, ತೋಪಿನ ಸುತ್ತ ಎಳೆದ ಹಿಟ್ಟಿನ ಗೆರೆಯಾಚೆ ಅಟ್ಟಬೇಕು. ಅಟ್ಟಿಸಿಕೊಂಡವರಿಗೆ ಮತ್ತೆ ಒಳಗೆ ಜಾಗವಿಲ್ಲ. ಅದಕ್ಕೇ ಹಳೆಯ ದೇವರುಗಳನ್ನು ಮತ್ತೆ ಕರೆತಂದ ಈ ಹದಿನೈದು ಮನೆಯವರು ಪ್ರತಿ ವರ್ಷ ಹುಲ್ಲಿನ ಬೊಂಬೆಯನ್ನು ಅಟ್ಟುತ್ತಿದ್ದರು.

ಕಳೆದ ವರ್ಷ ಇದೇ ಆಲಿವ್ ತೋಪಿಗೆ, ಈ ಪೂಜೆ ಸಹಿಸದ ಊರಿನ ಗಂಡಸರು ಕಲ್ಲು, ದೊಣ್ಣೆ ಹಿಡಿದು ನುಗ್ಗಿದ್ದರು. ಮಿರ್ಟೊಳ ಹಣೆ ಒಡೆಯಿತು. ಕಣ್ಣಿಗೆ ರಕ್ತ ಇಳಿಯುವಾಗ ಅವಳು ಕಂಡದ್ದು ಒಂದೇ... ತಾನು ಪ್ರಾಣ ಇಟ್ಟುಕೊಂಡಿದ್ದ ಪಾಂಟೆಲಿಸ್ ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದ. ಅಂದಿನಿಂದ ಅವನ ಫೋನನ್ನೇ ಎತ್ತಿರಲಿಲ್ಲ.

"ಯಾರು ತಟ್ತೀರಾ?" ಪೂಜೆ ನಡೆಸುವ ಕ್ಲಿಯೊನೀಕಿ ಚಿಕ್ಕಮ್ಮ ಅವನ ಕೊರಳಿಗೆ ಅಂಜೂರದ ಸರ ಹಾಕಿ ಕೇಳಿದಳು.

"ನಾನು," ಎಂದಳು ಮಿರ್ಟೊ.

ಮೊದಲ ಏಟಿಗೇ ಅವನ ಅಂಗಿ ಹರಿಯಿತು.

"ತಾಗಿಸಿದ್ರೆ ಸಾಕು ಕಣೇ..." ಎಂದಳು ಚಿಕ್ಕಮ್ಮ.

ಎರಡನೆಯದು ಕಿವಿಗೆ. ಮೂರನೆಯದು ಬೆನ್ನಿಗೆ. ಮುರಿದ ಬರಲಿನ ಹಾಲು ಗಾಯಕ್ಕೆ ತಾಗಿ ಉರಿದಾಗ ಹಲ್ಲು ಕಚ್ಚಿದ.

'ತಪ್ಪಾಯ್ತು ಅನ್ನಬಾರದಾ... ಒಂದು ಮಾತು ಆಡಬಾರದಾ...'

ಅಳುತ್ತಲೇ ಹೊಡೆದಳು. ಏಳನೆಯ ಏಟಿಗೆ ಅವನು ಮೊಣಕಾಲೂರಿದ. ಎದ್ದು, ತೂರಾಡುತ್ತ ಗೆರೆ ದಾಟಿದ.

ಗೆರೆಯಾಚೆ ಅವನ ಅಣ್ಣ ಲಾಂಬ್ರೊಸ್ ಕಾದಿದ್ದ.

"ಸರಿಯಾಗಿ ಬಿತ್ತಾ? ಇವಳಿಗೋಸ್ಕರ ತಾನೇ ಅವತ್ತು ನೀನು ನನ್ನ ಮಣಿಕಟ್ಟು ಮುರಿದಿದ್ದು? ನಾನು ಎಸೆದ ಮೊದಲನೇ ಕಲ್ಲು ಇವಳ ಹಣೆಗೆ ಬಿತ್ತು. ಎರಡನೇದನ್ನ ನೀನು ಕಿತ್ಕೊಳ್ದೇ ಇದ್ದಿದ್ರೆ ಅಲ್ಲೇ ಹೆಣ ಬೀಳ್ತಿತ್ತು."

ಹೇಳುತ್ತಲೇ ತಮ್ಮನ ಹೊಟ್ಟೆಗೆ ಒದ್ದ.

ಮಿರ್ಟೊಳ ಕೈಯಿಂದ ಬರಲು ಜಾರಿತು. ಕಿತ್ತುಕೊಂಡ ಕಲ್ಲು... ತಾನು ಅಂದು ಕಂಡದ್ದು ಅದನ್ನು! ತನ್ನನ್ನು ಉಳಿಸಿದವನ ಬೆನ್ನನ್ನೇ ಸುಲಿದಿದ್ದಳು.

ಚಿಕ್ಕಮ್ಮ ತೋಳು ಹಿಡಿದಳು. "ಬೇಡ ಮಗಳೇ. ಗೆರೆ ದಾಟಿದ್ರೆ ನೀನೂ ನಮ್ಮೋಳಲ್ಲ. ಆಮೇಲೆ ನಾನು ಕರೆಯೋ ಹಾಗೂ ಇಲ್ಲ."

"ಗೊತ್ತು ಚಿಕ್ಕಮ್ಮ."

ಬಿಡಿಸಿಕೊಂಡು ಗೆರೆ ದಾಟಿ ಓಡಿದಳು. ಎರಡನೇ ಒದೆ ಅವಳ ಪಕ್ಕೆಗೆ ಬಿತ್ತು. ಆ ಕಾಲನ್ನೇ ತಬ್ಬಿ ಹಿಡಿದು ಮೀನಖಂಡಕ್ಕೆ ಹಲ್ಲು ಊರಿದಳು. ಬಾಯಿಗೆ ರಕ್ತ ಬಂದರೂ ಬಿಡಲಿಲ್ಲ. ಲಾಂಬ್ರೊಸ್ ಅರಚಿ, ಕೊಸರಿಕೊಂಡು, "ಹುಚ್ಚುಮುಂಡೆ" ಎಂದು ಬೈಯುತ್ತ ಕುಂಟಿಕೊಂಡು ಹೋದ.

"ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಅಣ್ಣ ಜೈಲಿಗೆ ಹೋಗ್ತಿದ್ದ. ಅಮ್ಮ ಉಳೀತಿರ್ಲಿಲ್ಲ."

"ಮತ್ತೆ ಇವತ್ತು ಯಾಕೆ ಬಂದೆ?"

"ಹೊಡೆಯೋಕಾದ್ರೂ ಹತ್ರ ಬರ್ತೀಯಲ್ಲ ಅಂತ."

ಅವಳು ಬಿಕ್ಕಿಬಿಕ್ಕಿ ಅತ್ತಳು. "ದಿನಾ ನಿನ್ನ ಬೈಕೊಂಡೇ ನಿನ್ನ ನೆನೆಸ್ಕೊಂಡೆ ಕಣೋ. ನಿನ್ನ ಬಿಟ್ಟು ನನಗೆ ಇರೋಕೆ ಆಗಲ್ಲ."

ತೋಪಿನಲ್ಲಿ ಎಲ್ಲರೂ ಇವರಿಗೆ ಬೆನ್ನು ಮಾಡಿ ನಿಂತಿದ್ದರು. ಚಿಕ್ಕಮ್ಮನ ಹೆಗಲು ಮಾತ್ರ ನಡುಗುತ್ತಿತ್ತು.

"ನಿನ್ನ ಜನ ನಿನ್ನ ಕೈಬಿಟ್ರು, ಮಿರ್ಟೊ."

"ನೋಡ್ದೆ. ನಡೆಯೋಕಾಗುತ್ತಾ?"

"ನೀನು ಹಿಡ್ಕೊಂಡ್ರೆ."

ಅವಳು ಅವನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು.