ಪಾತಾಳದ ಹನ್ನೊಂದು ಮಿಂಚು

ನೆಲದಡಿ ಒಂದು ಮೈಲಿ ಆಳದ ಪ್ರಯೋಗಶಾಲೆಯಲ್ಲಿ ಹೆಣ ಬಿದ್ದಿತ್ತು. ಹೆಣ ಪರೀಕ್ಷೆಗೆ ಬಂದ ಡಾಕ್ಟರು ಲಿಫ್ಟಿನ ಕಂಬಿ ಬಿಡದೆ ಇಳಿದರು. ಪತ್ತೇದಾರಿಕೆಯಲ್ಲಿ ಹೆಸರಾದ ಅತ್ತಿಗೆ ಜೊತೆಗಿರದಿದ್ದರೆ ಅವರು ಮೇಲೆಯೇ ಉಳಿಯುತ್ತಿದ್ದರು.

"ಉಸಿರುಕಟ್ಟಿ ಸತ್ತಿದ್ದಾನೆ ಅತ್ತಿಗೆ," ಎಂದರು ಡಾಕ್ಟರು. ಕೋಣೆಯ ಪ್ರಾಣವಾಯುವನ್ನು ಹೊರದೂಡುವ ನೈಟ್ರೋಜನ್‌ನ ವಾಲ್ವು ತೆರೆದಿತ್ತು, ಎಚ್ಚರಿಕೆ ಗಂಟೆಯ ವೈರು ಕಳಚಿತ್ತು. ಎರಡೂ ಅಲ್ಲೇ ಕೆಲಸಕ್ಕಿದ್ದ ಸತ್ತವನ ತಂಗಿಯ ಜವಾಬ್ದಾರಿ.

"ವಾಲ್ವ್ ಮುಚ್ಚಿದ್ದೆ ಅಕ್ಕಾ. ಅಣ್ಣನ್ನ ನಾನೇ ಕೊಂದೆ ಅಂತಿದಾರೆ. ನಂಗೂ ಈಗ ಅನುಮಾನ ಬರ್ತಿದೆ," ಎಂದು ಅವಳು ಗೋಡೆಗೆ ಒರಗಿದಳು.

ವಿಶ್ವದಲ್ಲೆಲ್ಲ ಇದ್ದರೂ ಯಾರಿಗೂ ಇನ್ನೂ ಸಿಕ್ಕದ ಕಪ್ಪು ದ್ರವ್ಯದ ಕಣ ಬಡಿದರೆ ಅಲ್ಲಿಯ ದ್ರವ ಕ್ಸೆನಾನ್ ತುಂಬಿದ ತೊಟ್ಟಿಯಲ್ಲಿ ಸಣ್ಣ ಮಿಂಚು ಏಳಬೇಕು. ಆಸೆಗಣ್ಣು ಮೋಸಹೋಗದಿರಲೆಂದು ಒಬ್ಬರು ಗುಟ್ಟಾಗಿ ದೀಪ ಮಿನುಗಿಸಿ ಸುಳ್ಳು ಮಿಂಚು ಬೆರೆಸುವುದು ಪದ್ಧತಿ. ಸುಳ್ಳು ಮಿಂಚು ಎಷ್ಟೆಂಬ ಲೆಕ್ಕ ಮೊಹರು ಹಾಕಿದ ಲಕೋಟೆಯಲ್ಲಿರುತ್ತದೆ. ಆ ಗುಟ್ಟು ಕಾಯುತ್ತಿದ್ದವನೇ ಈಗ ಹೆಣವಾಗಿದ್ದ.

"ಹನ್ನೊಂದು ಮಿಂಚು ಸಿಕ್ಕಿವೆ. ಎಂಟು ನಿಜದ್ದು. ಪಾಪ, ನೋಡೋ ಭಾಗ್ಯ ಅವನಿಗಿರ್ಲಿಲ್ಲ," ಎಂದು ಪ್ರಯೋಗಶಾಲೆಯ ಮುಖ್ಯಸ್ಥ ಕಣ್ಣೊರೆಸಿಕೊಂಡ. ಅತ್ತಿಗೆ ಸುಮ್ಮನೆ ತಲೆಯಾಡಿಸಿದರು. ತೊಟ್ಟಿಯ ಪಂಪು ಗುರುಗುಟ್ಟುತ್ತಲೇ ಇತ್ತು. ಕೊಂದವನು ಈ ಕೋಣೆಯಲ್ಲೇ ಇದ್ದಾನೆಂದು ಡಾಕ್ಟರಿಗೆ ಅನಿಸತೊಡಗಿತ್ತು.

ಮಧ್ಯಾಹ್ನ ಎಲ್ಲರ ಮುಂದೆ ಅತ್ತಿಗೆ ಲಕೋಟೆ ಒಡೆದರು. ಸುಳ್ಳು ಮಿಂಚು ಮೂರು ಎಂದಿತ್ತು.

"ಹಾಗಾದ್ರೆ ಎಂಟು ನಿಜ. ಸರಿಯಾಗೇ ಹೇಳಿದ್ರಿ," ಎಂದರು ಮುಖ್ಯಸ್ಥನಿಗೆ. "ಆದ್ರೆ ಬೆಳಿಗ್ಗೆ ಲಕೋಟೆ ಮುಚ್ಚಿತ್ತಲ್ಲ ಸ್ವಾಮಿ, ನಿಮಗೆ ಹೇಗೆ ಗೊತ್ತಾಯ್ತು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಖ್ಯಸ್ಥನ ಮುಖ ಬಿಳಿಚಿಕೊಂಡಿತು.

"ಅವನ ಲಕೋಟೆ ತೆಗೆದು ಈ ಕಾಗದ ನೀವೇ ಬರೆದು ಇಟ್ಟಿದ್ದು. ಸುಳ್ಳು ಮಿಂಚಿನ ದೀಪದ ಪೆಟ್ಟಿಗೆಗೂ ಮೊಹರಿರುತ್ತೆ, ಒಳಗೆ ದೀಪ ಎಷ್ಟು ಸಲ ಮಿನುಗ್ತು ಅಂತ ಎಣಿಸೋ ಮುಳ್ಳಿರುತ್ತೆ ಅಂತ ಈ ತಂಗಿ ಹೇಳಿದ್ಲು. ಈಗಷ್ಟೇ ಡಾಕ್ಟರ ಎದುರಿಗೆ ತೆಗೆಸಿದೆ. ಮುಳ್ಳು ಸರಿಯಾಗಿ ಹನ್ನೊಂದಕ್ಕೆ ನಿಂತಿದೆ. ನಿಮಗೆ ಸಿಕ್ಕಿದ್ದೆಲ್ಲ ಸುಳ್ಳೇ. ನಾಳೆ ನೀವು ಜಗತ್ತಿಗೆ ಸಾರೋದಿತ್ತು, ಅವನು ಬಾಯಿ ಬಿಡ್ತಿದ್ದ. ಅದಕ್ಕೆ ವೈರು ಕಳಚಿ ವಾಲ್ವ್ ತೆಗೆದ್ರಿ. ವಾಲ್ವ್ ಬೀಗದ ಒಂದು ಕೀಲಿ ಈ ತಂಗಿ ಹತ್ರ, ಇನ್ನೊಂದು ನಿಮ್ಮ ಹತ್ರಾನೇ ಇರೋದು."

"ಇಪ್ಪತ್ತಾರು ವರ್ಷ ಕತ್ಲಲ್ಲಿ ಕೂತೆ," ಎಂದ ಮುಖ್ಯಸ್ಥ. "ಒಂದಾದ್ರೂ ನಿಜ ಇರ್ಬಾರ್ದಿತ್ತಾ?"

ತಂಗಿ ಅವನತ್ತ ತಿರುಗಿಯೂ ನೋಡಲಿಲ್ಲ. ಅತ್ತಿಗೆಯ ಕೈ ಹಿಡಿದು ಕೇಳಿದಳು:

"ಹಾಗಾದ್ರೆ ವಾಲ್ವ್ ನಾನು ಮುಚ್ಚಿದ್ದೆ, ಅಲ್ವಾ ಅಕ್ಕಾ?"