ವರ್ಷದ ಕೊನೆಯ ದಿನ ಬರೆದ ಉಯಿಲು

ವೂಹಾನಿನ ಹಳೇ ಓಣಿಯ ಮನೆ ತಂಗಿಯ ಪಾಲಾದದ್ದು ಬಾವ್‌ಲಿನ್‌ಗೆ ನುಂಗಲಾರದ ತುತ್ತಾಗಿತ್ತು. ಅಪ್ಪ ನೋಟರಿಯ ಮುಂದೆಯೇ ಉಯಿಲು ಬರೆಸಿ ಸತ್ತಿದ್ದ. ಈಗ ಓಣಿಯ ಗೋಡೆಗಳ ಮೇಲೆ ‘ಕೆಡವಬೇಕು’ ಎಂಬ ಕೆಂಪು ಅಕ್ಷರ ಬಿದ್ದಿದೆ. ಮನೆ ಬಿಟ್ಟುಕೊಟ್ಟವರಿಗೆ ಎರಡು ಹೊಸ ಫ್ಲ್ಯಾಟು. ಒಂಬತ್ತು ವರ್ಷ ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಂಡವಳು ಯುವೆಚೆನ್, ನಿಜ. ಆದರೆ ಗಂಡುಮಗ ಅಂತ ಇದ್ದವನು ತಾನೊಬ್ಬನೇ ಅಲ್ಲವೇ?

ದಾರಿ ತೋರಿಸಿದ್ದು ಹೊಸ ಕಾನೂನೇ. ಹಿಂದೆ ನೋಟರಿಯ ಉಯಿಲೆಂದರೆ ಶಿಲಾಶಾಸನ. ಈಗ ಕೊನೆಗೆ ಬರೆದದ್ದೇ ಗೆಲ್ಲುತ್ತದೆ, ಮನೆಯಲ್ಲಿ ಕೈಯಾರೆ ಬರೆದ ಹಾಳೆಯಾದರೂ ಸರಿ. ಕಾನೂನು ಚಾಪೆ ಕೆಳಗೆ ತೂರಿದರೆ ಬಾವ್‌ಲಿನ್ ರಂಗೋಲಿ ಕೆಳಗೆ ತೂರುವವನು. ಅಂಕಪಟ್ಟಿಗೆ ಅಪ್ಪನ ರುಜು ತಾನೇ ಹಾಕಿಕೊಂಡು ಬೆಳೆದ ಕೈ ಅದು, ಆಮೇಲೆ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿತ್ತು. ಅಪ್ಪನದೇ ಹಾಳೆ, ಅಪ್ಪನದೇ ಪೆನ್ನು ತೆಗೆದುಕೊಂಡು, ಮನೆ ಮಗನಿಗೆ ಎಂದು ಹೊಸ ಉಯಿಲು ಬರೆದ. ಮುದುಕನ ಕೈನಡುಕವನ್ನೂ ಹದವಾಗಿ ಬೆರೆಸಿದ. ದಿನವನ್ನು ಮಾತ್ರ ಬಹಳ ಯೋಚಿಸಿ ಆರಿಸಿದ. ಅಪ್ಪನ ಕೊನೆಯ ಹೊಸವರ್ಷದ ಮುನ್ನಾದಿನ. ಅವತ್ತು ಗಾಲಿಕುರ್ಚಿಯಲ್ಲಿ ಬಂದ ಅಪ್ಪ ಬಾವ್‌ಲಿನ್‌ನ ಮನೆಯಲ್ಲಿ ತಾವರೆಬೇರಿನ ಸಾರು ಕುಡಿದದ್ದಕ್ಕೆ ನೆರೆಹೊರೆಯವರೇ ಸಾಕ್ಷಿ. ಆ ದಿನವನ್ನು ಊರೆಲ್ಲ ‘ದೊಡ್ಡ ಮೂವತ್ತು’ ಎನ್ನುತ್ತದೆ. ಅಪ್ಪ ಬರೆಯುತ್ತಿದ್ದಂತೆ ಚಾಂದ್ರಮಾನದಲ್ಲೇ ತಾರೀಕು ಹಾಕಿದ: ಎತ್ತಿನ ವರ್ಷ, ಹನ್ನೆರಡನೇ ತಿಂಗಳು, ಮೂವತ್ತನೇ ದಿನ.

ಕೋರ್ಟಿನಲ್ಲಿ ಎಲ್ಲ ಲೆಕ್ಕ ಹಾಕಿದಂತೆಯೇ ನಡೆಯಿತು. ಕೈಬರಹದ ತಜ್ಞ, ಖಚಿತವಾಗಿ ಹೇಳಲಾಗದು ಎಂದು ಜಾರಿಕೊಂಡ.

“ಅಣ್ಣಾ, ಅಪ್ಪಂಗೆ ಚಮಚ ಹಿಡಿಯೋಕೂ ಆಗ್ತಿರ್ಲಿಲ್ವಲ್ಲೋ,” ಎಂದಳು ಯುವೆಚೆನ್.

“ಅದಕ್ಕೇ ಅಕ್ಷರ ನಡುಗಿರೋದು, ಕಣ್ಬಿಟ್ಟು ನೋಡು.”

ನ್ಯಾಯಾಧೀಶೆ ತಲೆಯೆತ್ತಿದರು. “ನಿಮ್ಮ ಕಣ್ಣೆದುರೇ ಬರೆದ್ರಾ? ಅವತ್ತೇನಾ?”

“ನನ್ನ ಊಟದ ಮೇಜಿನ ಮೇಲೇ, ಮೇಡಂ. ಗೋಡೆ ಕ್ಯಾಲೆಂಡರ್ ನೋಡ್ಕೊಂಡೇ ತಾರೀಕು ಹಾಕಿದ್ರು.”

ಕೊನೆಯ ಮಾತು ಅವನ ತಯಾರಿಯಲ್ಲಿರಲಿಲ್ಲ. ಹೇಳಿದ ಮೇಲೆ ಅವನಿಗೇ ಮೆಚ್ಚುಗೆಯಾಯಿತು. ಹೇಳಿಕೆಯ ಕೆಳಗೆ ರುಜು ಹಾಕಿ, ಕೆಂಪು ಹೆಬ್ಬೆಟ್ಟನ್ನೂ ಒತ್ತಿದ.

ಆಗ ಯುವೆಚೆನ್ ಚೀಲದಿಂದ ಒಂದು ಕಟ್ಟು ತೆಗೆದಳು. ದಿನಕ್ಕೊಂದರಂತೆ ಹರಿಯುವ ಕ್ಯಾಲೆಂಡರಿನ ಹಾಳೆಗಳು. ಪ್ರತಿಯೊಂದರ ಹಿಂದೆಯೂ ಅಪ್ಪನಿಗೆ ಮಾತ್ರೆ ಕೊಟ್ಟ ಹೊತ್ತನ್ನು ಬರೆದಿಟ್ಟಿದ್ದಳು. ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಬಾವ್‌ಲಿನ್ ಬಗ್ಗಿ ನೋಡಿದ. ಒಂದರಲ್ಲಿ ಹನ್ನೆರಡನೇ ತಿಂಗಳ ಇಪ್ಪತ್ತೊಂಬತ್ತು, ಮರುದಿನದ್ದರಲ್ಲಿ ಹೊಸವರ್ಷದ ಒಂದು. “ಬಾಯಲ್ಲಿ ಎಲ್ಲರೂ ಮೂವತ್ತು ಅಂತೀವಿ ಅಣ್ಣಾ,” ಎಂದಳು ತಂಗಿ, “ಆ ವರ್ಷ ತಿಂಗಳಿಗೆ ಇದ್ದಿದ್ದು ಇಪ್ಪತ್ತೊಂಬತ್ತೇ ದಿನ.”